ಕಾರವಾರದ ಕಡಲಲ್ಲಿ ಹಡಗುಗಳಿಗೆ ಮನೆ ಕಂಡವರು: ಅಡ್ಮಿರಲ್ ಆಸ್ಕರ್ ಸ್ಟಾನ್ಲಿ ಡಾಸನ್

ಮಂಗಳೂರಿನಿಂದ ಕಣ್ಣೂರಿಗೆ ರೈಲಿನಲ್ಲಿ ಹೋಗುವ ನಮ್ಮ ಗಡಿನಾಡಿನವರಿಗೆ ಈ ದೃಶ್ಯ ಹೊಸತಲ್ಲ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ, ಚೆರುವತ್ತೂರು ದಾಟಿ ಪಯ್ಯನ್ನೂರು ಹತ್ತಿರವಾಗುತ್ತಿದ್ದಂತೆ ಬಲಗಡೆ ಕಡಲಿಗೆ ಒರಗಿಕೊಂಡು ನಿಂತ ಬೆಟ್ಟವೊಂದು ಕಾಣುತ್ತದೆ. ಅದೇ ಏಳಿಮಲ. ಭಾರತೀಯ ನೌಕಾಪಡೆಯ ಅಧಿಕಾರಿಗಳು ತರಬೇತಿ ಪಡೆಯುವ ಅಕಾಡೆಮಿ ಇರುವುದು ಅಲ್ಲಿ. ಇನ್ನು ರೈಲನ್ನು ಉತ್ತರಕ್ಕೆ ಹಿಡಿದು ಉಡುಪಿ, ಕುಂದಾಪುರ, ಭಟ್ಕಳ ದಾಟಿದರೆ ಅಂಕೋಲಾ, ಕಾರವಾರ. ಅಲ್ಲಿಯ ಗುಡ್ಡಗಳ ಮರೆಯಲ್ಲಿ ದೇಶದ ಅತಿ ದೊಡ್ಡ ನೌಕಾನೆಲೆಗಳಲ್ಲೊಂದು ಇದೆ. ಹಾಗೆ ನೋಡಿದರೆ ನಮ್ಮ ಕಾಸರಗೋಡು ಜಿಲ್ಲೆ ಇರುವುದು ನೌಕಾಪಡೆಯ ಎರಡು ದೊಡ್ಡ ಮನೆಗಳ ನಡುವೆ!

ಈ ಎರಡಕ್ಕೂ ಮೂರು ತಿಂಗಳ ಒಳಗೆ ಅಡಿಗಲ್ಲು ಬಿತ್ತು. ಕಾರವಾರದಲ್ಲಿ 1986ರ ಅಕ್ಟೋಬರ್ 24ರಂದು, ಏಳಿಮಲದಲ್ಲಿ 1987ರ ಜನವರಿ 17ರಂದು. ಎರಡು ಕಡೆಯೂ ಕಲ್ಲು ಇಟ್ಟವರು ಅಂದಿನ ಪ್ರಧಾನಿ ರಾಜೀವ್ ಗಾಂಧಿ. ಕಲ್ಲು ಇಟ್ಟವರ ಹೆಸರು ಫಲಕದಲ್ಲಿ ಇರುತ್ತದೆ. ಆದರೆ ಕಾರವಾರದ ನೆಲೆ ಬೇಕು ಎಂದು ಮೊದಲು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡವರು ಯಾರು? ಅವರೇ ಅಡ್ಮಿರಲ್ ಆಸ್ಕರ್ ಸ್ಟಾನ್ಲಿ ಡಾಸನ್. 1982ರಿಂದ 1984ರ ತನಕ ನೌಕಾಪಡೆಯ ಮುಖ್ಯಸ್ಥರಾಗಿದ್ದವರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ಅಲ್ಲೇ ಕಣ್ಮುಚ್ಚಿದವರು. ಕರಾವಳಿಯ ನಕ್ಷೆಯನ್ನೇ ಬದಲಾಯಿಸಿದ ಈ ಮನುಷ್ಯನ ಬಗ್ಗೆ ನಮ್ಮ ಕಡೆ ಮಾತು ಕೇಳಿಬರುವುದು ಕಡಿಮೆ. ಆದ್ದರಿಂದ ಈ ಲೇಖನ.

ಬರ್ಮಾದ ಗುಡ್ಡಗಾಡಿನಲ್ಲಿ ಹುಟ್ಟು

ಡಾಸನ್ ಹುಟ್ಟಿದ್ದು 1923ರ ನವೆಂಬರ್ 13ರಂದು, ಬರ್ಮಾದ ಚಿನ್ ಬೆಟ್ಟಗಳ ಸೀಮೆಯಲ್ಲಿ. ಕಡಲಿನ ಜೀವನ ನಡೆಸಿದವರು ಹುಟ್ಟಿದ್ದು ಬೆಟ್ಟದಲ್ಲಿ ಎಂಬುದೇ ಒಂದು ಸೋಜಿಗ. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಭಾಗ. 1937ರಲ್ಲಿ ಬ್ರಿಟಿಷರು ಅದನ್ನು ಬೇರ್ಪಡಿಸಿದರು. ಹೀಗೆ ಡಾಸನ್ ಅವರಿಗೆ 13 ವರ್ಷವಾಗಿದ್ದಾಗ ಅವರ ಹುಟ್ಟೂರು ಬೇರೆ ಆಡಳಿತದ ನಾಡಾಯಿತು. ಮನುಷ್ಯ ಇದ್ದಲ್ಲೇ ಇದ್ದು ಗಡಿ ಮಾತ್ರ ಸರಿಯುವುದು ಎಂದರೇನು ಎಂದು ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರಿಗೂ ಆದದ್ದು ಅದೇ ಅಲ್ಲವೇ?

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೇನೆ 1942ರಲ್ಲಿ ಬರ್ಮಾಕ್ಕೆ ನುಗ್ಗಿತು. ಲಕ್ಷಗಟ್ಟಲೆ ಭಾರತೀಯರು ಹಡಗು ಹತ್ತಿ, ಹಡಗು ಸಿಗದವರು ಕಾಡುದಾರಿ ಹಿಡಿದು ಭಾರತಕ್ಕೆ ಬಂದರು. ದಾರಿಯಲ್ಲೇ ಸತ್ತವರ ಲೆಕ್ಕ ಸರಿಯಾಗಿ ಇಟ್ಟವರಿಲ್ಲ. ಆ ಯುದ್ಧದ ಕಾವು ಜೋರಾಗಿದ್ದ 1943ರಲ್ಲಿ ಡಾಸನ್ ರಾಯಲ್ ಇಂಡಿಯನ್ ನೇವಿಯ ಸ್ವಯಂಸೇವಕ ಮೀಸಲು ಪಡೆಗೆ ಸೇರಿದರು. ಯುದ್ಧದ ತುರ್ತಿಗೆಂದು ಯುವಕರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತಿದ್ದ ಪಡೆ ಅದು. ಯುದ್ಧ ಮುಗಿದ ಮೇಲೆ ಅದರಲ್ಲಿದ್ದ ಅನೇಕರು ಮನೆಗೆ ಹೋದರು. ಉಳಿದ ಕೆಲವರಲ್ಲಿ ಡಾಸನ್ ಒಬ್ಬರು.

ಆ ತಲೆಮಾರಿನ ಅಧಿಕಾರಿಗಳು ಕಂಡ ಬದಲಾವಣೆ ಸಣ್ಣದಲ್ಲ. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಾವಿಕರ ದಂಗೆ ಆಯಿತು. ಮರುವರ್ಷ ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆಯೂ ಬಂತು. ಒಂದೇ ಹಡಗಿನಲ್ಲಿ ಉಂಡವರು ಎರಡು ದೇಶಗಳ ನೌಕಾಪಡೆಗೆ ಹಂಚಿಹೋದರು. ಹಡಗುಗಳೂ ಹಂಚಿಹೋದವು. ಸ್ವತಂತ್ರ ಭಾರತದ ನೌಕಾಪಡೆಗೆ ಮೊದಲ ಭಾರತೀಯ ಮುಖ್ಯಸ್ಥರು ಸಿಕ್ಕಿದ್ದು 1958ರಲ್ಲಿ, ರಾಮದಾಸ್ ಕಟಾರಿ ಅವರ ರೂಪದಲ್ಲಿ. ಅಲ್ಲಿಯವರೆಗೆ ಬ್ರಿಟಿಷ್ ಅಧಿಕಾರಿಗಳೇ ಮೇಲೆ ಇದ್ದರು. ಡಾಸನ್ ಅವರ ಯೌವನದ ಹದಿನೈದು ವರ್ಷ ಕಳೆದದ್ದು ಈ ಏರುಪೇರುಗಳ ನಡುವೆ.

ದಾರಿ ತೋರಿಸುವ ಕೆಲಸ

ನೌಕಾಪಡೆಯಲ್ಲಿ ಅಧಿಕಾರಿಗಳು ಒಂದೊಂದು ವಿದ್ಯೆಯಲ್ಲಿ ಪಳಗುತ್ತಾರೆ. ಕೆಲವರು ಫಿರಂಗಿ, ಕೆಲವರು ಸಂಪರ್ಕ, ಕೆಲವರು ಜಲಾಂತರ್ಗಾಮಿ ಬೇಟೆ. ಡಾಸನ್ ಆರಿಸಿಕೊಂಡದ್ದು ನ್ಯಾವಿಗೇಷನ್, ಅಂದರೆ ಹಡಗಿಗೆ ದಾರಿ ತೋರಿಸುವ ವಿದ್ಯೆ.

ಜಿಪಿಎಸ್ ಇಲ್ಲದ ಕಾಲ ಅದು. ಸೂರ್ಯ, ನಕ್ಷತ್ರಗಳ ಎತ್ತರ ಅಳೆದು, ಗಡಿಯಾರ ನೋಡಿ, ಲೆಕ್ಕ ಹಾಕಿ ಹಡಗು ಎಲ್ಲಿದೆ ಎಂದು ಹೇಳಬೇಕಿತ್ತು. ದಡ ಹತ್ತಿರವಾದಾಗ ಕೆಲಸ ಇನ್ನೂ ಸೂಕ್ಷ್ಮ. ನೀರಿನ ಆಳ ಎಷ್ಟು, ಅಡಿಯಲ್ಲಿ ಬಂಡೆಯೋ ಕೆಸರೋ, ಉಬ್ಬರ ಇಳಿತ ಯಾವಾಗ, ಮಳೆಗಾಲದ ಗಾಳಿ ಯಾವ ಕಡೆಯಿಂದ, ಯಾವ ಗುಡ್ಡದ ಮರೆಯಲ್ಲಿ ಅಲೆ ತಗ್ಗುತ್ತದೆ ಎಂದೆಲ್ಲ ತಿಳಿದಿರಬೇಕು. ನಮ್ಮ ಕಸಬ, ಬೇಕಲ, ಕುಂಬಳೆ ಕಡಪ್ಪುರದ ಮೊಗವೀರ ಅಣ್ಣಂದಿರಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದದ್ದು. ಉದುಮ, ಪಾಲಕುನ್ನು, ಕೋಟಿಕುಳಂ ಕಡೆಯ ಮನೆಮನೆಗಳಿಂದ ಮರ್ಚಂಟ್ ನೇವಿಗೆ ಹೋದವರಿಗೂ ಇದರ ಬೆಲೆ ಗೊತ್ತು. ದಾರಿ ತೋರಿಸುವವನು ತಪ್ಪಿದರೆ ಹಡಗಿನಲ್ಲಿದ್ದವರೆಲ್ಲ ತಪ್ಪಿದಂತೆ.

ಹೀಗೆ ಕರಾವಳಿಯನ್ನು ಆಳ, ಗಾಳಿ, ಮರೆ ಎಂಬ ಮೂರು ಲೆಕ್ಕದಲ್ಲಿ ನೋಡುವ ಅಭ್ಯಾಸ ಇದ್ದವರು ಮುಂದೊಂದು ದಿನ ಕಾರವಾರವನ್ನು ನೋಡಿದಾಗ ಅಲ್ಲಿ ಬಂದರು ಕಂಡದ್ದು ಆಶ್ಚರ್ಯವಲ್ಲ.

1971ರ ಡಿಸೆಂಬರ್

ಡಾಸನ್ ಅವರ ಜೀವನದ ದೊಡ್ಡ ಪರೀಕ್ಷೆ ಬಂದದ್ದು ಸಮುದ್ರದಲ್ಲಲ್ಲ, ದೆಹಲಿಯ ನೌಕಾಪಡೆ ಕೇಂದ್ರ ಕಚೇರಿಯಲ್ಲಿ. 1971ರ ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿಗೆ ಅವರು ನೌಕಾ ಕಾರ್ಯಾಚರಣೆಗಳ ನಿರ್ದೇಶಕರು. ಅಡ್ಮಿರಲ್ ಎಸ್.ಎಂ. ನಂದಾ ಆಗ ಮುಖ್ಯಸ್ಥರು. ಯಾವ ಹಡಗು ಎಲ್ಲಿದೆ, ಯಾವುದಕ್ಕೆ ಎಷ್ಟು ಇಂಧನ ಇದೆ, ಎಲ್ಲಿಗೆ ಕಳಿಸಬೇಕು, ಎಲ್ಲಿಂದ ವಾಪಸ್ ಕರೆಸಬೇಕು ಎಂಬುದರ ಎಳೆಗಳೆಲ್ಲ ಬಂದು ಸೇರುವ ಜಾಗ ಅದು.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯಿತು. ಮರುದಿನ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಸಣ್ಣ ಕ್ಷಿಪಣಿ ದೋಣಿಗಳು ಕರಾಚಿಯ ಹೊರಗೆ ಪಾಕಿಸ್ತಾನದ ಹಡಗುಗಳನ್ನು ಹೊಡೆದವು. ರಷ್ಯಾದಿಂದ ತಂದ ಈ ದೋಣಿಗಳು ತಮ್ಮ ದಡವನ್ನು ಕಾಯುವುದಕ್ಕೆಂದು ಮಾಡಿದವು. ದೂರ ಹೋಗುವಷ್ಟು ಇಂಧನ ಅವುಗಳಲ್ಲಿ ಹಿಡಿಯುತ್ತಿರಲಿಲ್ಲ. ದೊಡ್ಡ ಹಡಗಿಗೆ ಕಟ್ಟಿ ಎಳೆದುಕೊಂಡು ಹೋಗಿ ದಾಳಿಗೆ ಬಳಸುವ ಉಪಾಯ ನಮ್ಮವರದು. ಪಾಕಿಸ್ತಾನದ ಖೈಬರ್ ಎಂಬ ಡೆಸ್ಟ್ರಾಯರ್ ಮುಳುಗಿತು. ನಾಲ್ಕು ದಿನಗಳ ನಂತರ ಎರಡನೆಯ ದಾಳಿ ನಡೆದು ಕರಾಚಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಇಂದಿಗೂ ಡಿಸೆಂಬರ್ 4ನ್ನು ನೌಕಾಪಡೆ ದಿನವಾಗಿ ಆಚರಿಸುವುದು ಆ ರಾತ್ರಿಯ ನೆನಪಿಗೆ. ಪೂರ್ವದಲ್ಲಿ ವಿಕ್ರಾಂತ್‌ನಿಂದ ಹಾರಿದ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಬಂದರುಗಳನ್ನು ಹೊಡೆದವು. ವಿಕ್ರಾಂತ್‌ನ್ನು ಬೇಟೆಯಾಡಲು ಬಂದ ಘಾಜಿ ಎಂಬ ಜಲಾಂತರ್ಗಾಮಿ ವಿಶಾಖಪಟ್ಟಣದ ಹೊರಗೆ ತಳ ಸೇರಿತು.

ಆದರೆ ಗೆಲುವಿನ ನಡುವೆ ಒಂದು ದೊಡ್ಡ ಪೆಟ್ಟೂ ಬಿತ್ತು. ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆಗೇ ಹೋದರು. ನಕ್ಷೆಯ ಮೇಲೆ ಹಡಗುಗಳನ್ನು ನಡೆಸುವ ಕಚೇರಿಯಲ್ಲಿ ಕುಳಿತವರಿಗೆ ಇಂಥ ಸುದ್ದಿ ಒಂದು ಸಾಲಿನ ಸಂದೇಶವಾಗಿ ಬರುತ್ತದೆ. ಆ ಒಂದು ಸಾಲಿನ ಹಿಂದೆ ಸುಮಾರು ಇನ್ನೂರು ಮನೆಗಳ ಅಳು ಇರುತ್ತದೆ.

ಕಿಕ್ಕಿರಿದ ಮುಂಬಯಿ

ಯುದ್ಧ ಗೆದ್ದ ಮೇಲೆ ನೌಕಾಪಡೆ ಲೆಕ್ಕ ಹಾಕಿ ನೋಡಿತು. ಆಗ ಎದ್ದು ಕಂಡ ಒಂದು ಕೊರತೆ ಮುಂಬಯಿ ಬಂದರು. ಪಶ್ಚಿಮದ ಇಡೀ ನೌಕಾಬಲ ಬಂದು ನಿಲ್ಲಬೇಕಾದದ್ದು ಅಲ್ಲಿ. ಅದೇ ಬಂದರಿನಲ್ಲಿ ಸರಕು ಹಡಗು, ಎಣ್ಣೆ ಹಡಗು, ಮೀನು ದೋಣಿ, ಪ್ರವಾಸಿಗರ ಲಾಂಚು ಎಲ್ಲವೂ ಓಡಾಡಬೇಕು. ಹಬ್ಬದ ದಿನ ಮೊಗ್ರಾಲ್ ಸೇತುವೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಎರಡು ಕಡೆ ಸಾಲು ಎಷ್ಟು ಉದ್ದ ಬೆಳೆಯುತ್ತದೆ ನೋಡಿದ್ದೀರಲ್ಲ? ಒಳಬರುವ ಕಾಲುವೆಯಲ್ಲಿ ಒಂದು ಹಡಗು ಮುಳುಗಿದರೆ ಅಥವಾ ಶತ್ರು ಮೈನ್ ಇಟ್ಟರೆ ಯುದ್ಧಹಡಗುಗಳಿಗೂ ಅದೇ ಗತಿ.

ಮತ್ತೊಂದು ಮಾತು, ಮುಂಬಯಿ ಪಾಕಿಸ್ತಾನಕ್ಕೆ ಹತ್ತಿರ. ಶತ್ರುವಿನ ವಿಮಾನ ತಲುಪಬಹುದಾದ ದೂರದಲ್ಲಿ ಎಲ್ಲ ಹಡಗುಗಳನ್ನೂ ಒಟ್ಟಿಗೆ ನಿಲ್ಲಿಸುವುದು ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಇಟ್ಟಂತೆ. ಈ ಕಷ್ಟವನ್ನು ಯುದ್ಧಕಾಲದಲ್ಲೇ ಕಾರ್ಯಾಚರಣೆಯ ಮೇಜಿನಿಂದ ಕಂಡವರು ಡಾಸನ್. ಹತ್ತು ವರ್ಷಗಳ ನಂತರ ಅವರೇ ಪಡೆಯ ಮುಖ್ಯಸ್ಥರಾದಾಗ ಅದಕ್ಕೆ ಪರಿಹಾರ ಹುಡುಕುವ ಅಧಿಕಾರವೂ ಕೈಗೆ ಬಂತು.

ಕಣ್ಣೂರಿನವರಿಂದ ಪಡೆದ ಹೊಣೆ

1982ರ ಮಾರ್ಚ್ 1ರಂದು ಡಾಸನ್ ನೌಕಾಪಡೆಯ ಮುಖ್ಯಸ್ಥರಾದರು. ಅವರಿಗೆ ಹೊಣೆ ಒಪ್ಪಿಸಿದವರು ಅಡ್ಮಿರಲ್ ರೊನಾಲ್ಡ್ ಲಿನ್ಸ್‌ಡೇಲ್ ಪಿರೇರಾ. ಇವರು ನಮ್ಮ ಪಕ್ಕದ ಕಣ್ಣೂರಿನಲ್ಲಿ ಹುಟ್ಟಿದವರು ಎಂಬುದು ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಇಬ್ಬರೂ 1923ರಲ್ಲಿ ಹುಟ್ಟಿದವರು, ಇಬ್ಬರೂ 1943ರಲ್ಲಿ ಅದೇ ಮೀಸಲು ಪಡೆಯ ಬಾಗಿಲಿನಿಂದ ಒಳಗೆ ಬಂದವರು. ಪಿರೇರಾ 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುಂದೆ ಡಾಸನ್ ಅವರ ಕೊನೆಯ ಊರೂ ಅದೇ ಆಯಿತು.

ಡಾಸನ್ ಅವರ ಅವಧಿ ಎರಡು ವರ್ಷ ಒಂಬತ್ತು ತಿಂಗಳು. ಆ ಹೊತ್ತಿನಲ್ಲಿ ನೌಕಾಪಡೆ ವೇಗವಾಗಿ ಬೆಳೆಯುತ್ತಿತ್ತು. 1983ರ ಡಿಸೆಂಬರ್ 10ರಂದು ಗೋದಾವರಿ ಯುದ್ಧಹಡಗು ಸೇವೆಗೆ ಬಂತು. ಭಾರತದಲ್ಲೇ ವಿನ್ಯಾಸ ಮಾಡಿ ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಕ್ಷಿಪಣಿ ಫ್ರಿಗೇಟ್ ಅದು. ಅದೇ ತಿಂಗಳು ಇಂಗ್ಲೆಂಡಿನಿಂದ ಸೀ ಹ್ಯಾರಿಯರ್ ವಿಮಾನಗಳು ಗೋವಾಕ್ಕೆ ಬಂದಿಳಿದವು. ನಿಂತಲ್ಲಿಗೇ ಇಳಿಯಬಲ್ಲ ಆ ವಿಮಾನಗಳು ಹಳೆಯ ವಿಕ್ರಾಂತ್‌ಗೆ ಹೊಸ ಆಯುಷ್ಯ ಕೊಟ್ಟವು. ದೂರದ ಅಂಟಾರ್ಕ್ಟಿಕಾದಲ್ಲಿ ದಕ್ಷಿಣ ಗಂಗೋತ್ರಿ ಕೇಂದ್ರ ಎದ್ದದ್ದೂ ಆ ಕಾಲದಲ್ಲೇ.

ಆ ವರ್ಷಗಳ ಇನ್ನೊಂದು ಸಂಗತಿ ಬಹಳ ಕಾಲ ಹೊರಗೆ ಬರಲಿಲ್ಲ. 1983ರಲ್ಲಿ ಮಾರಿಷಸ್‌ನಲ್ಲಿ ಸರ್ಕಾರ ಉರುಳುವ ಭಯ ಎದ್ದಾಗ ಅಲ್ಲಿಗೆ ಸೇನೆ, ನೌಕಾಪಡೆಗಳನ್ನು ಕಳಿಸುವ ಯೋಚನೆ ದೆಹಲಿಯಲ್ಲಿ ನಡೆದಿತ್ತು. ಕಾರ್ಯಾಚರಣೆಯ ನೇತೃತ್ವ ಯಾರದು ಎಂಬುದರಲ್ಲಿ ಸೇನೆಗೂ ನೌಕಾಪಡೆಗೂ ಒಮ್ಮತ ಆಗಲಿಲ್ಲ. ಕೊನೆಗೆ ಪ್ರಧಾನಿ ಇಂದಿರಾ ಗಾಂಧಿ ಆ ದಾರಿ ಬಿಟ್ಟು ತೆರೆಮರೆಯ ಮಾತುಕತೆಯಿಂದ ಕೆಲಸ ಸಾಧಿಸಿದರು. ವಿದ್ವಾಂಸರು ಇದನ್ನು ವಿವರವಾಗಿ ಬರೆದದ್ದು 2013ರಲ್ಲಿ, ಡಾಸನ್ ತೀರಿಕೊಂಡ ಮೇಲೆ.

ಗುಡ್ಡ, ದ್ವೀಪ ಮತ್ತು ಆಳದ ನೀರು

ಈಗ ಕಾರವಾರಕ್ಕೆ ಬರೋಣ. ನಮ್ಮಲ್ಲಿ ಮಂಜೇಶ್ವರದಿಂದ ತ್ರಿಕರಿಪುರದ ತನಕ ಕಡಲತೀರ ಹೆಚ್ಚಾಗಿ ಮರಳು. ಬಿರುಮಳೆಯ ದಿನಗಳಲ್ಲಿ ದೋಣಿಗೆ ಮರೆ ಸಿಗುವುದು ಕಷ್ಟ. ಕಾರವಾರದ ದಕ್ಷಿಣಕ್ಕೆ ಹಾಗಲ್ಲ. ಅಲ್ಲಿ ಸಹ್ಯಾದ್ರಿಯ ಕೋಡುಗಳು ನೇರ ಕಡಲಿಗೆ ಇಳಿದಿವೆ. ಬಿಣಗಾ, ಅರ್ಗಾ ಮುಂತಾದ ಕೊಲ್ಲಿಗಳಿವೆ. ಎದುರಿಗೆ ಅಂಜದೀವ ದ್ವೀಪ ಗೋಡೆಯ ಹಾಗೆ ಅಡ್ಡ ನಿಂತಿದೆ. ನೀರು ಆಳ, ಬೆಟ್ಟ ಮರೆ. ಮುಂಬಯಿ, ಗೋವಾಗಳಿಗಿಂತ ದಕ್ಷಿಣಕ್ಕೆ, ಕೊಚ್ಚಿಗಿಂತ ಉತ್ತರಕ್ಕೆ ಇರುವ ಜಾಗ. ಪಾಕಿಸ್ತಾನದ ಯುದ್ಧವಿಮಾನಗಳ ಅಳವಿಗೆ ದೂರ, ಕೊಲ್ಲಿ ದೇಶಗಳಿಂದ ಪೂರ್ವಕ್ಕೆ ಹೋಗುವ ಹಡಗುದಾರಿಗೆ ಹತ್ತಿರ.

ಅಂಜದೀವ ನೌಕಾಪಡೆಗೆ ಹೊಸತಲ್ಲ. ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದ ದ್ವೀಪ ಅದು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ವೇಳೆ ತ್ರಿಶೂಲ್ ಹಡಗಿನಿಂದ ಇಳಿದ ನಾವಿಕರು ಅದನ್ನು ವಶಪಡಿಸಿಕೊಂಡಿದ್ದರು. ಆ ಕಾದಾಟದಲ್ಲಿ ಏಳು ಮಂದಿ ಪ್ರಾಣ ಕೊಟ್ಟಿದ್ದರು.

1980ರ ದಶಕದ ಆರಂಭದಲ್ಲಿ ಡಾಸನ್ ಮುಂದಿಟ್ಟದ್ದು ಸರಳವಾದ, ಆದರೆ ದೊಡ್ಡ ಮಾತು. ಸರಕು ಹಡಗುಗಳ ಹಂಗಿಲ್ಲದೆ ನೌಕಾಪಡೆಗೆಂದೇ ಪಶ್ಚಿಮ ಕರಾವಳಿಯಲ್ಲಿ ಒಂದು ನೆಲೆ ಬೇಕು, ಅದಕ್ಕೆ ಈ ಬೆಟ್ಟ ಕಡಲುಗಳ ನಡುವಿನ ಜಾಗ ಸರಿ ಎಂಬುದು. ಯೋಜನೆಗೆ ಸೀಬರ್ಡ್ ಎಂಬ ಹೆಸರು ಬಂತು. ಅದು ಕಾಗದದಿಂದ ನೆಲಕ್ಕೆ ಇಳಿಯುವ ಮೊದಲೇ, 1984ರ ನವೆಂಬರ್ 30ರಂದು, ಇಂದಿರಾ ಗಾಂಧಿ ಹತ್ಯೆಯಾಗಿ ಒಂದು ತಿಂಗಳಿಗೆ, ಅವರು ನಿವೃತ್ತರಾದರು. ಪರಮ ವಿಶಿಷ್ಟ ಸೇವಾ ಪದಕ, ಅತಿ ವಿಶಿಷ್ಟ ಸೇವಾ ಪದಕಗಳು ಅವರ ಎದೆಯ ಮೇಲಿದ್ದವು. ನೆಲೆಯ ಕೆಲಸ ಮಾತ್ರ ಮುಂದಿನವರ ಪಾಲಿಗೆ ಉಳಿಯಿತು.

ಅಲ್ಲಿಂದ ಅವರು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿ ಹೋದರು. 1985ರಿಂದ 1987ರ ವರೆಗೆ ಅಲ್ಲಿದ್ದರು. ಸ್ವಾರಸ್ಯವೆಂದರೆ ನ್ಯೂಜಿಲೆಂಡ್ ಅದೇ ಹೊತ್ತಿಗೆ ದೆಹಲಿಗೆ ತನ್ನ ಹೈಕಮಿಷನರ್ ಆಗಿ ಕಳಿಸಿದ್ದು ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರನ್ನು! ಅಲ್ಲಿಂದ ಬೆಟ್ಟ ಹತ್ತಿದವರು ಇಲ್ಲಿಗೆ, ಇಲ್ಲಿಂದ ಕಡಲು ದಾಟಿದವರು ಅಲ್ಲಿಗೆ.

ಅಡಿಗಲ್ಲು ಬಿದ್ದ ಮೇಲೆ

1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟಾಗ ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅವರು ಅದೇ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದವರು. ಕಾಳಿ ನದಿಯ ಅಣೆಕಟ್ಟುಗಳಿಗೆ ಆಗಲೇ ಭೂಮಿ ಕೊಟ್ಟಿದ್ದ ಜಿಲ್ಲೆ ಅದು. ಮುಂದೆ ಕೈಗಾ ಅಣುಸ್ಥಾವರವೂ ಅಲ್ಲಿಗೇ ಬಂತು.

ಅಡಿಗಲ್ಲು ಬಿತ್ತು, ಕೆಲಸ ಏಳಲಿಲ್ಲ. 1991ರಲ್ಲಿ ದೇಶದ ಖಜಾನೆಯಲ್ಲಿ ವಿದೇಶಿ ಹಣವೇ ಇಲ್ಲದೆ ಚಿನ್ನ ಅಡವಿಡುವ ಸ್ಥಿತಿ ಬಂತು. ಸೀಬರ್ಡ್ ಕಡತ ಕಪಾಟಿನಲ್ಲೇ ಕುಳಿತಿತು. ಅದಕ್ಕೆ ಮತ್ತೆ ಜೀವ ಬಂದದ್ದು 1998ರಲ್ಲಿ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾದ ಮೇಲೆ. ಮೊದಲ ಹಂತಕ್ಕೆ ಸುಮಾರು 2,600 ಕೋಟಿ ರೂಪಾಯಿ ಮಂಜೂರಾಯಿತು. ಕಡಲಿಗೆ ಕಲ್ಲು ಸುರಿದು ಅಲೆತಡೆ ಕಟ್ಟಿ ಅಂಜದೀವವನ್ನು ದಡಕ್ಕೆ ಜೋಡಿಸಿದರು. ಹಡಗನ್ನೇ ನೀರಿನಿಂದ ಮೇಲೆತ್ತಿ ದುರಸ್ತಿಯ ಅಂಗಳಕ್ಕೆ ಸಾಗಿಸುವ ಶಿಪ್ ಲಿಫ್ಟ್ ಕಟ್ಟಿದರು. ಅದು 10,000 ಟನ್ ತೂಕದ ಹಡಗನ್ನು ಎತ್ತಬಲ್ಲದು.

2005ರ ಮೇ 31ರಂದು ರಕ್ಷಣಾ ಮಂತ್ರಿ ಪ್ರಣವ್ ಮುಖರ್ಜಿ ನೆಲೆಯನ್ನು ಉದ್ಘಾಟಿಸಿದರು. ಹೆಸರು ಐಎನ್‌ಎಸ್ ಕದಂಬ. ಬನವಾಸಿಯ ಕದಂಬರ ಹೆಸರು, ಅದೇ ಜಿಲ್ಲೆಯ ಹಳೆಯ ಕನ್ನಡ ರಾಜಮನೆತನದ ಹೆಸರು. ಆಗ ಡಾಸನ್ ಅವರಿಗೆ 81 ವರ್ಷ. ಕನಸು ಕಂಡವರು ಬೆಂಗಳೂರಿನಲ್ಲಿ ಬದುಕಿದ್ದಾಗಲೇ ಅದು ನನಸಾಯಿತು ಎಂಬುದು ಸಮಾಧಾನದ ಮಾತು. ಇಪ್ಪತ್ತು ವರ್ಷ ಹಿಡಿಯಿತು ಎಂಬುದೂ ನಿಜ.

ಮನೆ ಬಿಟ್ಟವರ ಲೆಕ್ಕ

ಇಷ್ಟನ್ನೇ ಬರೆದು ನಿಲ್ಲಿಸಿದರೆ ಕಥೆ ಅರ್ಧ ಆಗುತ್ತದೆ. ಹಡಗುಗಳಿಗೆ ಮನೆ ಆಗಲು ಕಾರವಾರ, ಅಂಕೋಲಾ ತಾಲೂಕುಗಳ 13 ಗ್ರಾಮಗಳ 4,000ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಡ ಎಲ್ಲ ಹೋಯಿತು. ತೋಡೂರು, ಮುದಗಾ ಮುಂತಾದೆಡೆ ನಿರಾಶ್ರಿತರ ಕಾಲೊನಿಗಳು ಎದ್ದವು. ಮೀನುಗಾರನಿಗೆ ಸೈಟು ಕೊಟ್ಟರೆ ಸಾಲದು, ಕಡಲೂ ಬೇಕು. ಪರಿಹಾರದ ಮೊತ್ತ ಸಾಲದೆಂದು ಜನ ಕೋರ್ಟಿಗೆ ಹೋದರು. ಅಡಿಗಲ್ಲು ಬಿದ್ದು ಮೂರು ದಶಕ ಕಳೆದರೂ ಬಾಕಿ ಹಣಕ್ಕಾಗಿ ಕಚೇರಿ ಅಲೆಯುವವರು ಇದ್ದರು. ಅರ್ಜಿ ಹಾಕಿದ ತಂದೆ ತೀರಿಹೋಗಿ, ಮಗ ಅಲೆಯುವ ಸ್ಥಿತಿ. ಅಂಜದೀವದ ಹಳೆಯ ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಗೋವಾ, ಕಾರವಾರದ ಭಕ್ತರಿಗೂ ದಾರಿ ಮುಚ್ಚಿತು.

ಇದು ಡಾಸನ್ ಅವರು ಮಾಡಿದ ತಪ್ಪು ಎಂದು ಹೇಳುವಂತಿಲ್ಲ. ಜಾಗ ಗುರುತಿಸಿದ್ದು ಅವರ ಕೆಲಸ. ಬೆಲೆ ಕಟ್ಟಿ, ಹಣ ಹಂಚಿ, ಜನರನ್ನು ನೆಲೆಗೊಳಿಸುವುದು ಸರ್ಕಾರದ ಕೆಲಸ. ಹಡಗಿಗೆ ಸುರಕ್ಷಿತ ತಾಣ ಬೇಕು ಎಂಬ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂದು ಮುಂದಿನ ದಿನಗಳು ತೋರಿಸಿವೆ. 2014ರ ಜನವರಿಯಲ್ಲಿ ರಷ್ಯಾದಿಂದ ಬಂದ ವಿಕ್ರಮಾದಿತ್ಯ ವಿಮಾನವಾಹಕ ಹಡಗು ತಂಗಿದ್ದು ಕಾರವಾರದಲ್ಲೇ. ಅಷ್ಟು ದೊಡ್ಡ ಹಡಗಿಗೆ ಮುಂಬಯಿಯಲ್ಲಿ ಜಾಗ ಮಾಡುವುದು ಎಷ್ಟು ಕಷ್ಟ ಎಂದು 1971ರ ಮೇಜಿನಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದರೂ, ದೇಶ ಕಾಯುವವರ ಪಟ್ಟಿಯಲ್ಲಿ ಅಡ್ಮಿರಲ್ ಹೆಸರು ಬರೆಯುವಾಗ ಅರ್ಗಾ, ಬಿಣಗಾದ ರೈತ, ಮೀನುಗಾರರ ಪಾಲನ್ನೂ ಅದೇ ಪುಟದಲ್ಲಿ ಬರೆಯಬೇಕು. ಏಳಿಮಲದ ತಪ್ಪಲಿನ ರಾಮಂತಳಿಯಲ್ಲೂ ಅಕಾಡೆಮಿಗೆಂದು ಮನೆ ಬಿಟ್ಟವರಿದ್ದಾರೆ. 2009ರ ಜನವರಿ 8ರಂದು ಪ್ರಧಾನಿ ಮನಮೋಹನ್ ಸಿಂಗ್ ಅದನ್ನು ಉದ್ಘಾಟಿಸುವ ಹೊತ್ತಿಗೆ ಅಲ್ಲಿಯೂ ಅಡಿಗಲ್ಲಿಗೆ 22 ವರ್ಷ ತುಂಬುತ್ತಿತ್ತು.

ಕೊನೆಯ ದಿನಗಳು

ಡಾಸನ್ ತಮ್ಮ ಬಾಳಿನ ಸಂಜೆಯನ್ನು ಬೆಂಗಳೂರಿನಲ್ಲಿ ಕಳೆದರು. ಬರ್ಮಾದಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ದೆಹಲಿಯಲ್ಲಿ ದುಡಿದು, ನ್ಯೂಜಿಲೆಂಡಿನಲ್ಲಿ ದೇಶವನ್ನು ಪ್ರತಿನಿಧಿಸಿ ಬಂದವರು ಕೊನೆಗೆ ನಿಂತದ್ದು ಕನ್ನಡನಾಡಿನಲ್ಲಿ. 2011ರ ಅಕ್ಟೋಬರ್ 23ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 87 ವರ್ಷ. ಕಾರವಾರದ ಅಡಿಗಲ್ಲಿಗೆ 25 ವರ್ಷ ತುಂಬಲು ಇನ್ನು ಒಂದೇ ದಿನ ಬಾಕಿ ಇತ್ತು.

ನಮ್ಮ ಗಡಿನಾಡಿನ ಮನೆಗಳಲ್ಲಿ ಇಂದಿಗೂ ಹುಡುಗರು ನೇವಿಗೆ ಸೇರುವ ಆಸೆ ಇಟ್ಟುಕೊಂಡಿದ್ದಾರೆ. ಈಗ ಹುಡುಗಿಯರೂ ಏಳಿಮಲದಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಅವರಿಗೆ ಡಾಸನ್ ಅವರ ಬದುಕು ಒಂದು ಮಾತು ಹೇಳುತ್ತದೆ. ದೊಡ್ಡ ಕೆಲಸ ಒಬ್ಬರ ಅಧಿಕಾರಾವಧಿಯಲ್ಲಿ ಮುಗಿಯುವುದಿಲ್ಲ. ಕುರ್ಚಿ ಬಿಟ್ಟ ಮೇಲೂ ಉಳಿಯುವಂಥ ಯೋಚನೆಯನ್ನು ಬಿಟ್ಟುಹೋಗುವುದು ಅಧಿಕಾರಿಯ ಕೆಲಸ. ಆ ಯೋಚನೆಗೆ ನೆಲ ಕೊಟ್ಟವರ ಋಣ ತೀರಿಸುವುದು ಉಳಿದವರ ಕೆಲಸ. ಮೊದಲನೆಯದು ಕಾರವಾರದಲ್ಲಿ ಆಯಿತು. ಎರಡನೆಯದು ಅಷ್ಟು ಚೆನ್ನಾಗಿ ಆಗಲಿಲ್ಲ.

ಮುಂದಿನ ಸಲ ಗೋಕರ್ಣಕ್ಕೋ ಗೋವಾಕ್ಕೋ ಹೋಗುವಾಗ ಕಾರವಾರದ ಹತ್ತಿರ ಹೆದ್ದಾರಿ ಗುಡ್ಡದ ಬದಿಗೆ ತಿರುಗುವಲ್ಲಿ ಒಮ್ಮೆ ಕಡಲ ಕಡೆ ನೋಡಿ. ಗೋಡೆಯಾಚೆ ನೆಲೆ ಇದೆ. ಗೋಡೆಯೀಚೆ ಕಾಲೊನಿ ಇದೆ. ಎರಡನ್ನೂ ನೋಡಿದರೆ ಡಾಸನ್ ಅವರ ಕಥೆ ಪೂರ್ತಿಯಾಗಿ ಅರ್ಥವಾಗುತ್ತದೆ.